ಬ್ರೇಕ್ ಮಾಸ್ಟರ್ ಕಾದಂಬರಿ ಬರೆದದ್ದು

ಆತನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿತ್ತು. ಜನರ ಬಾಯಲ್ಲಿ ಓಡಾಡುತ್ತಿದ್ದದ್ದು ಬ್ರೇಕ್ ಮಾಸ್ಟರ್ ಎಂಬ ಹೆಸರೇ. ಕಾರು ಕಲಿಸುವ ಶಾಲೆಯಲ್ಲಿ ಆತ ಹಳೆಯ ಮೇಷ್ಟ್ರು. ಅಲ್ಲಿಯ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ ಇನ್ನೊಂದು. ಕಲಿಯುವವರು ಹಾಲಿನ ಗಾಡಿಗೋ ಎದುರಿನ ಗೋಡೆಗೋ ಮುತ್ತಿಡಲು ಹೊರಟಾಗಲೆಲ್ಲ ಅದನ್ನು ಒತ್ತಿ ಒತ್ತಿ ಆತನ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಕೂತರೂ ಅದು ಒತ್ತುತ್ತಿತ್ತು, ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೂ ಒತ್ತುತ್ತಿತ್ತು. ಹೆಂಡತಿ ಮಾತಿನ ವೇಗ ಹೆಚ್ಚಿಸಿದಾಗಲೂ ಒತ್ತುತ್ತಿತ್ತು, ಆದರೆ ಅಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ.

ಈ ಬ್ರೇಕ್ ಮಾಸ್ಟರಿಗೆ ಹರೆಯದಿಂದಲೂ ಒಂದು ಹುಚ್ಚಿತ್ತು. ತಾನೊಂದು ಕಾದಂಬರಿ ಬರೆಯಬೇಕು. ಹೆಣ್ಣು ನೋಡಲು ಹೋದ ದಿನವೇ ಹುಡುಗಿಗೆ ಅದನ್ನು ಹೇಳಿಬಿಟ್ಟಿದ್ದ. ಬರೆಯುವ ಗಂಡ ಒಂದು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ ಎಂದು ನಂಬಿ ಆಕೆ ಒಪ್ಪಿದಳು. ಮದುವೆಯಾಗಿ ತಲೆಗೂದಲು ನೆರೆಯುವ ಹೊತ್ತಿಗೆ ಕಾದಂಬರಿಯ ವಿಷಯ ಕೇಳಿ ಕೇಳಿ ಆಕೆಗೆ ಬಾಯಿಪಾಠವಾಗಿತ್ತೇ ಹೊರತು ಒಂದು ಸಾಲೂ ಹಾಳೆಗೆ ಇಳಿದಿರಲಿಲ್ಲ. ಕಥೆಯೇನೋ ಚೆನ್ನಾಗಿಯೇ ಇತ್ತು. ಒಬ್ಬ ಲಾರಿ ಚಾಲಕ ಆಳೆತ್ತರದ ಒಂದು ಕನ್ನಡಿಯನ್ನು ತಲುಪಿಸಲು ಹೊರಟಿದ್ದಾನೆ. ಕೊಟ್ಟ ವಿಳಾಸದಲ್ಲಿ ಆ ಮನೆಯೇ ಇಲ್ಲ. ಕನ್ನಡಿ ಹೊತ್ತ ಲಾರಿ ಊರಿಂದೂರಿಗೆ ಅಲೆಯುತ್ತದೆ, ಸಿಕ್ಕಿದವರೆಲ್ಲ ಅದರಲ್ಲಿ ಮುಖ ನೋಡಿಕೊಳ್ಳುತ್ತಾರೆ. ಇಷ್ಟನ್ನು ಆತ ಗೆಳೆಯರಿಗೆ ಹೇಳಿದ್ದ, ಕಾರು ಕಲಿಯಲು ಬಂದವರಿಗೆ ಹೇಳಿದ್ದ, ಹಲ್ಲು ಕೀಳುವ ಡಾಕ್ಟರಿಗೂ ಬಾಯಿ ತೆರೆದುಕೊಂಡೇ ಹೇಳಿದ್ದ. ಆದರೆ ಮೊದಲನೆಯ ವಾಕ್ಯ ಮಾತ್ರ ಬಂದಿರಲಿಲ್ಲ. ಮೊದಲನೆಯ ವಾಕ್ಯ ಎಂದರೆ ಮನೆಯ ಹೆಬ್ಬಾಗಿಲು, ಅದು ಭರ್ಜರಿಯಾಗಿರಬೇಕು ಎಂಬುದು ಆತನ ವಾದ. ಹೀಗೆ ಬಾಗಿಲು ಕಡೆಯುವುದರಲ್ಲೇ ವರ್ಷಗಳು ಹೋಗಿ, ಮನೆ ಕಟ್ಟುವ ಕೆಲಸ ಹಾಗೇ ಉಳಿದಿತ್ತು.

ಇದನ್ನು ಸರಿಪಡಿಸುತ್ತೇನೆಂದು ಹೊರಟವನು ಹೆಂಡತಿಯ ತಮ್ಮ. ಆತ ಕಂಪನಿ ಕಂಪನಿಗೆ ಹೋಗಿ ಸಮಯವನ್ನು ಹೇಗೆ ಬಳಸಬೇಕು ಎಂದು ಭಾಷಣ ಮಾಡುತ್ತಿದ್ದ. ಅದೇ ಅವನ ಜೀವನೋಪಾಯ. ಊರಿಗೆಲ್ಲ ಬುದ್ಧಿ ಹೇಳುವ ಈ ಮನುಷ್ಯ ಸ್ವಂತ ಅಕ್ಕನ ಮನೆಯ ಊಟಕ್ಕೆ ಮಾತ್ರ ಯಾವತ್ತೂ ಪಾತ್ರೆ ತೊಳೆಯುವ ಹೊತ್ತಿಗೇ ಬರುತ್ತಿದ್ದ. ಹಾಗೆ ಬಂದ ಒಂದು ಭಾನುವಾರ, ಆರಿದ ಅನ್ನ ಕಲಸುತ್ತ ಭಾವನನ್ನು ಹಿಡಿದು ಕೂರಿಸಿದ. ಬರೆಯುವುದಕ್ಕೆ ಸ್ಫೂರ್ತಿ ಬೇಕಿಲ್ಲ, ಶಿಸ್ತು ಬೇಕು ಎಂದ. ಬೆಳಗಿನ ಜಾವ ಏಳಬೇಕು, ಅದಕ್ಕೇ ಮೀಸಲಾದ ಮೇಜು ಬೇಕು, ಗಡಿಯಾರಕ್ಕೆ ಕೀಲಿ ಕೊಟ್ಟು ಅದು ಬಾರಿಸುವವರೆಗೆ ಎದ್ದೇಳಬಾರದು, ಬರೆದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಬೇಕು ಎಂದ. ಆತ ಹೇಳಿದ್ದೆಲ್ಲ ನಿಜವೇ ಆಗಿತ್ತು, ಅದೇ ತೊಂದರೆ. ಮಾಸ್ಟರ್ ಅದನ್ನು ನಂಬಿದ.

ಮೇಜು ಬಂತು. ಮಲಗುವ ಕೋಣೆಯ ಕಿಟಕಿಯ ಪಕ್ಕ ಅದಕ್ಕೆ ಜಾಗ ಮಾಡಲು ಹೊಲಿಗೆ ಯಂತ್ರ ಹಜಾರಕ್ಕೆ ಹೋಯಿತು, ಹಜಾರದ ಬೀರು ಮುಂಬಾಗಿಲ ಹಿಂದಕ್ಕೆ ಹೋಯಿತು, ಅಂದಿನಿಂದ ಆ ಬಾಗಿಲು ಅರ್ಧ ಮಾತ್ರ ತೆರೆಯತೊಡಗಿತು. ದಪ್ಪನೆಯವರು ಬಂದರೆ ಹಿಂಬಾಗಿಲಿಂದ ಬರಲಿ ಎಂದು ಮಾಸ್ಟರ್ ಹೇಳಿದ. ಗಡಿಯಾರ ಬಂತು, ಕೋಳಿಯ ಆಕಾರದ್ದು, ಟಿಕ್ ಟಿಕ್ ಎಂದು ಎದೆಯ ಮೇಲೆ ಕೂತು ಬಡಿಯುವಂಥದ್ದು. ಮನೆಮಂದಿಗೆಲ್ಲ ಆಜ್ಞೆಯಾಯಿತು: ಬೆಳಗ್ಗೆ ಆತ ಮೇಜಿಗೆ ಕೂತಿರುವಾಗ ಯಾರೂ ಮಾತಾಡಬಾರದು. ಮನೆಮಂದಿ ಎಂದರೆ ಹೆಂಡತಿ ಒಬ್ಬಳೇ. ಮಗಳು ಬೇರೂರಿನಲ್ಲಿ ನರ್ಸ್ ಕೆಲಸದಲ್ಲಿದ್ದಳು.

ಮೊದಲ ದಿನ ಆತ ಕೂತ. ಹೊರಗೆ ಇನ್ನೂ ಮಬ್ಬು. ಪೆನ್ನಿನ ಮುಚ್ಚಳ ತೆಗೆದ. ಎಲ್ಲಿಂದಲೋ ತೊಟ್ಟಿಕ್ಕುವ ಸದ್ದು ಕೇಳಿಸಿತು. ಬಚ್ಚಲಿನ ನಲ್ಲಿ. ಇಷ್ಟು ವರ್ಷ ಅದರ ಜೊತೆಯಲ್ಲೇ ಸುಖವಾಗಿ ನಿದ್ದೆ ಮಾಡಿದ್ದ ಮನುಷ್ಯನಿಗೆ ಅಂದು ಅದು ಡೋಲು ಬಾರಿಸಿದಂತೆ ಕೇಳಿಸಿತು. ಇದೊಂದನ್ನು ನಿಲ್ಲಿಸಿ ಬಂದರೆ ಮನಸ್ಸು ನಿಲ್ಲುತ್ತದೆ ಎಂದು ಸ್ಪ್ಯಾನರ್ ಹಿಡಿದು ಹೋದ. ಕೋಳಿ ಗಡಿಯಾರ ಕೂಗುವ ಹೊತ್ತಿಗೆ ನಲ್ಲಿಗೆ ಹೊಸ ವಾಷರ್ ಬಿದ್ದಿತ್ತು, ಹಾಳೆ ಬೆಳ್ಳಗೆ ಹಾಗೇ ಇತ್ತು. ಮರುದಿನ ಕುರ್ಚಿ ಕಿರುಗುಟ್ಟಿತು, ಅದಕ್ಕೆ ಎಣ್ಣೆ ಬಿಟ್ಟ. ಎಣ್ಣೆ ಹೇಗೂ ಕೈಯಲ್ಲಿತ್ತಲ್ಲ, ಮನೆಯ ಬಾಗಿಲುಗಳ ಕೀಲುಗಳಿಗೆಲ್ಲ ಬಿಟ್ಟ. ಅದರ ಮರುದಿನ ಫ್ಯಾನಿನ ಮೇಲಿನ ಧೂಳು ಕಣ್ಣಿಗೆ ಬಿತ್ತು. ತಿಂಗಳು ತುಂಬುವುದರೊಳಗೆ ಇಸ್ತ್ರಿ ಪೆಟ್ಟಿಗೆಯ ವೈರು, ಅಡುಗೆಮನೆಯ ಚಾಕುಗಳು, ವರ್ಷಗಟ್ಟಲೆ ಮೂಕವಾಗಿದ್ದ ಕರೆಗಂಟೆ ಎಲ್ಲಕ್ಕೂ ಜೀವ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮಾಸ್ಟರ್ ಆ ನೆಲವನ್ನೂ ಸಮ ಮಾಡಿ ಕೊಟ್ಟ.

ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ಮದ್ದು ಯಾವುದಕ್ಕೆ ನಾಟುತ್ತದೆ ಎಂದು ಆಕೆಗೆ ಚೆನ್ನಾಗಿ ಗೊತ್ತು. ಗಂಡ ಬರೆಯಲು ಕೂತರೆ ಮನೆ ರಿಪೇರಿಯಾಗುತ್ತದೆ ಎಂಬುದು ಅರ್ಥವಾದ ಮೇಲೆ ಆಕೆಯಷ್ಟು ಸಾಹಿತ್ಯಾಭಿಮಾನಿ ಇನ್ನೊಬ್ಬರಿರಲಿಲ್ಲ. ಆತ ಆಕಳಿಸಿದರೆ ಕಾಫಿ ತಂದಿಡುವಳು. ನಾಳೆ ಬರೆಯೋದಿಲ್ಲ, ಸುಸ್ತು ಎಂದರೆ ಮುಖ ಸಪ್ಪೆ ಮಾಡುವಳು. ಅಕ್ಕಪಕ್ಕದ ಹೆಂಗಸರಿಗೆ, ನಿಮ್ಮವರಿಗೂ ಏನಾದರೂ ಬರೆಯೋಕೆ ಹೇಳಿ ಎಂದು ಸಲಹೆ ಕೊಟ್ಟಳು. ಒಂದು ಸಂಜೆ ಮಿಕ್ಸಿ ಕೆಟ್ಟಾಗ ಅದನ್ನು ಒರೆಸಿ, ಸದ್ದಿಲ್ಲದೆ ತಂದು ಬರೆಯುವ ಮೇಜಿನ ಮೇಲೇ ಇಟ್ಟಳು.

ಬೆಳಗ್ಗೆ ಮಿಕ್ಸಿಯನ್ನು ಕಂಡು ಮಾಸ್ಟರಿಗೆ ನಾಚಿಕೆಯಾಯಿತು. ರಿಪೇರಿಯನ್ನೇನೋ ಮಾಡಿದ. ಆದರೆ ಅಂದು ಕ್ಯಾಲೆಂಡರಿನ ಮುಂದೆ ನಿಂತಾಗ ಕೆಂಪು ಪೆನ್ಸಿಲು ಹಿಡಿದ ಕೈ ಏಳಲಿಲ್ಲ. ಹಿಂದಿನ ಗುರುತುಗಳೆಲ್ಲ ವಾಷರಿಗೆ, ಎಣ್ಣೆಗೆ, ಧೂಳಿಗೆ ಹಾಕಿದ್ದು ಎಂದು ಅವನಿಗೊಬ್ಬನಿಗೆ ಗೊತ್ತಿತ್ತು.

ಆ ಮಳೆಗಾಲದಲ್ಲಿ ಅತ್ತೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಮಗನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಹಾಕುವವರು ಯಾರೂ ಇರಲಿಲ್ಲ, ಆ ಮಗ ಯಾರೆಂದು ಗೊತ್ತಲ್ಲ. ಹಾಗಾಗಿ ಮಗಳ ಮನೆಗೆ ಬಂದರು. ಓದಬಾರದು, ಟಿವಿ ನೋಡಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಮಾತಾಡಬಾರದು ಎಂದು ಮಾತ್ರ ಹೇಳಿರಲಿಲ್ಲ. ಅತ್ತೆಗೆ ಹೊತ್ತು ಹೋಗಬೇಕಲ್ಲ.

ಅವರು ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂತು ಆಯುಷ್ಯ ಸವೆಸಿದವರು. ಕಿಟಕಿ ಮುಚ್ಚಿ, ಹಣ ಒಪ್ಪಿಸಿ, ಒಳಗೆ ಹೋಗಿ ನಿಲ್ಲುವ ಹೊತ್ತಿಗೆ ಯಾವಾಗಲೂ ಸಿನಿಮಾ ಅರ್ಧ ಗಂಟೆ ಓಡಿರುತ್ತಿತ್ತು. ಜೀವಮಾನದಲ್ಲಿ ಒಂದು ಸಿನಿಮಾದ ಮೊದಲನ್ನೂ ನೋಡಿದವರಲ್ಲ. ಆದರೆ ನೋಡಿದ ಒಂದೊಂದರ ಕಥೆಯನ್ನೂ ಬಿಡಿಸಿ ಹೇಳಬಲ್ಲರು.

ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹಜಾರದ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಕೆಲಸಕ್ಕೆ ಹೊರಟಿದ್ದ ಅಳಿಯನನ್ನು ತಡೆದು ಕೇಳಿದರು. "ಅಳಿಯಂದ್ರೇ, ಅದೇನೋ ಲಾರಿ ಕಥೆ ಬರೀತೀರಂತಲ್ಲ, ಸ್ವಲ್ಪ ಓದಿ ಹೇಳಿ."

ಮಾಸ್ಟರ್ ತಡವರಿಸಿದ. ಇನ್ನೂ ಶುರುವಿನ ಕೆಲಸ ನಡೀತಾ ಇದೆ ಎಂದ. ಶುರು ಎಷ್ಟು ವರ್ಷದಿಂದ ನಡೀತಾ ಇದೆ ಎಂದು ಅಡುಗೆಮನೆಯಿಂದ ಹೆಂಡತಿ ತಿಳಿಸಿದಳು.

ಅತ್ತೆ ನಗಲಿಲ್ಲ. "ಶುರು ಯಾಕೆ ಬೇಕು? ನಾನು ಒಂದು ಸಿನಿಮಾದ್ದೂ ಶುರು ನೋಡಿಲ್ಲ. ಏನೂ ಕಮ್ಮಿ ಆಗಿಲ್ಲ ನನಗೆ. ಲಾರಿ ಹೊರಟಾಗಿದೆ ಅಂತಲೇ ಇಟ್ಕೊಳ್ಳಿ. ಈಗ ಎಲ್ಲಿದೆ, ಅದನ್ನ ಹೇಳಿ."

ಮಾಸ್ಟರ್ ಬಾಗಿಲಲ್ಲೇ ನಿಂತ. ಲಾರಿ ಎಲ್ಲಿದೆ? ಒಂದು ರೈಲ್ವೆ ಗೇಟಿನ ಮುಂದೆ ನಿಂತಿದೆ, ಗೇಟು ಹಾಕಿದೆ, ಹಿಂದಿನ ಕಾರಿನಲ್ಲಿ ಕೂತ ಹೆಂಗಸೊಬ್ಬಳು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದಾಳೆ ಎಂದ. ಅದು ಆ ಕ್ಷಣದಲ್ಲಿ ಹುಟ್ಟಿದ ಮಾತು. ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. "ಯಾರು ಅವಳು? ಎಲ್ಲಿಗೆ ಹೊರಟಿದ್ದಾಳೆ?" ಎಂದರು. ಮಾಸ್ಟರಿಗೆ ಗೊತ್ತಿರಲಿಲ್ಲ. ಸಂಜೆ ಹೇಳ್ತೀನಿ ಅತ್ತೆ ಎಂದು ತಪ್ಪಿಸಿಕೊಂಡು ಓಡಿದ.

ಓಡಿದರೇನು, ಸಂಜೆ ಬಂದೇ ಬರುತ್ತದೆ. ಮೈದಾನದಲ್ಲಿ ಕಾರು ನಿಲ್ಲಿಸಿಕೊಂಡು ಕೂತಾಗ ಅವನ ತಲೆಯಲ್ಲಿ ಅದೇ ಕೊರೆತ. ಹಿಮ್ಮುಖವಾಗಿ ಗಾಡಿ ಓಡಿಸಲು ಹೆದರುತ್ತಿದ್ದ ಬ್ಯಾಂಕಿನ ಮ್ಯಾನೇಜರಮ್ಮ ಅಂದು ತಡವಾಗಿ ಬರುವುದಾಗಿ ಫೋನ್ ಮಾಡಿದ್ದರು. ಮಾಸ್ಟರ್ ಕಾರಿನ ಡ್ರಾಯರಿನಿಂದ ಹಾಜರಿ ಪುಸ್ತಕ ತೆಗೆದು ಅದರ ಹಿಂದಿನ ಖಾಲಿ ಹಾಳೆಯಲ್ಲಿ ಆ ಹೆಂಗಸು ಯಾರು ಎಂದು ಗೀಚತೊಡಗಿದ. ಗಂಡನಿಗೆ ಹೇಳದೆ ಮನೆ ಬಿಟ್ಟು ಹೊರಟವಳು. ಕನ್ನಡಿಯಲ್ಲಿ ನೋಡಿಕೊಂಡಾಗ ಕಿವಿಗೆ ಒಂದೇ ಓಲೆ ಇದೆ, ಇನ್ನೊಂದು ಮನೆಯಲ್ಲೇ ಉಳಿದಿದೆ. ಗಾಜು ಬಡಿದ ಸದ್ದಾಗಿ ತಲೆ ಎತ್ತಿದರೆ ಮ್ಯಾನೇಜರಮ್ಮ ಹೊರಗೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಪಾಪ.

ಸಂಜೆ ಓದಿದ. ಅತ್ತೆ ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಓಲೆಗೋಸ್ಕರ ವಾಪಸ್ ಹೋಗ್ತಾಳಾ ಇಲ್ವಾ?"

ಮಾರನೆಯ ಬೆಳಗ್ಗೆ ಮಾಸ್ಟರ್ ಕೋಳಿ ಗಡಿಯಾರವನ್ನು ಮುಟ್ಟಲೂ ಇಲ್ಲ. ಹೆಂಗಸು ವಾಪಸ್ ಹೋಗುತ್ತಾಳೋ ಇಲ್ಲವೋ ಎಂದು ಅತ್ತೆಗೆ ಹೇಳಬೇಕಾಗಿತ್ತು. ಹಾಗೆ ಶುರುವಾಗಿ ದಿನವೂ ಬೆಳಗ್ಗೆ ಒಂದಿಷ್ಟು, ಕಾರಿನಲ್ಲಿ ಕಾಯುವಾಗ ಒಂದಿಷ್ಟು, ಸಂಜೆ ಅತ್ತೆಯ ಮುಂದೆ ಓದು. ಅತ್ತೆಯ ಕಿವಿ ಮಹಾ ಕಟ್ಟುನಿಟ್ಟು. ವರ್ಣನೆ ಉದ್ದವಾದರೆ ಗೊರಕೆ ಹೊಡೆದಂತೆ ನಟಿಸುವರು. ಒಮ್ಮೆ ಸೂರ್ಯಾಸ್ತವನ್ನು ಒಂದೂವರೆ ಪುಟ ಮಾಡಿದಾಗ, ಬೇಗ ಮುಳುಗಿಸಿ ಅಳಿಯಂದ್ರೇ, ನನಗೆ ಕಣ್ಣಿಗೆ ಹನಿ ಹಾಕೋ ಹೊತ್ತಾಯ್ತು ಎಂದರು.

ಮನೆಯ ಸ್ಥಿತಿ ಬೇರೆಯಾಯಿತು. ಬಚ್ಚಲಿನ ನಲ್ಲಿ ಮತ್ತೆ ಸೋರಿತು, ಮಾಸ್ಟರಿಗೆ ಕೇಳಿಸಲಿಲ್ಲ. ಅಡುಗೆಮನೆಯ ದೀಪ ಹೋಯಿತು, ಆತ ಅದರ ಕೆಳಗೇ ನಿಂತು ಕಾಫಿ ಕುಡಿದ, ಗಮನಿಸಲಿಲ್ಲ. ಹೆಂಡತಿ ಮಿಕ್ಸಿಯ ಜಾರನ್ನು ಮತ್ತೆ ಮೇಜಿನ ಮೇಲಿಟ್ಟಳು. ಆತ ಅದರಲ್ಲಿ ಪೆನ್ನುಗಳನ್ನು ನಿಲ್ಲಿಸಿದ. ಇತ್ತ ಆಕೆಯ ತಮ್ಮ ಒಂದು ದಿನ ಎಂದಿನಂತೆ ತಡವಾಗಿ ಬಂದು, ಬರೆದ ಹಾಳೆಗಳ ಕಟ್ಟನ್ನು ನೋಡಿ, ಎಲ್ಲ ಕೋಳಿ ಗಡಿಯಾರದ ಮಹಿಮೆ ಎಂದು ಹೇಳಿ, ಅದರ ಪಕ್ಕದಲ್ಲಿ ಭಾವನನ್ನು ನಿಲ್ಲಿಸಿ ಭಾಷಣಕ್ಕೆ ಬೇಕೆಂದು ಫೋಟೋ ತೆಗೆದುಕೊಂಡು ಹೋದ.

ಎಲ್ಲ ನೆಟ್ಟಗೆ ನಡೆಯುತ್ತಿರುವಾಗ ಮಾಸ್ಟರ್ ಒಂದು ಎಡವಟ್ಟು ಮಾಡಿದ. ಕಥೆಗೆ ಗಾಂಭೀರ್ಯ ಬರಲಿ ಎಂದು, ಗುಂಡಿಗೆ ಬಿದ್ದ ಲಾರಿಯಲ್ಲಿ ಕನ್ನಡಿ ಒಡೆದುಹೋಯಿತು ಎಂದು ಬರೆದ. ಅದನ್ನು ಕಂಠ ತುಂಬಿ ಓದಿದ ಕೂಡ. ಅತ್ತೆ ಎದ್ದು ಒಳಗೆ ಹೋದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಹೆಂಡತಿ ಬಂದು ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಮ್ಮ ಊಟ ಮಾಡ್ತಿಲ್ಲ. ಆ ಕನ್ನಡಿ ಒಡೀಲೇಬೇಕಿತ್ತಾ?"

"ಕಥೆ ಕೇಳುತ್ತೆ ಕಣೇ."

"ಕಥೆ ಏನೂ ಕೇಳಲ್ಲ. ಆಪರೇಷನ್ ಆದವರು ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಾತ್ರೆ ತಗೋಬೇಕು. ನೀವು ಏನು ಮಾಡ್ತೀರೋ ನನಗೆ ಗೊತ್ತಿಲ್ಲ."

ಮಾಸ್ಟರ್ ಸ್ವಲ್ಪ ಹೊತ್ತು ಸ್ವಾಭಿಮಾನದಿಂದ ಕೂತ. ಆಮೇಲೆ ಹಾಳೆ ಎಳೆದುಕೊಂಡ. ಒಡೆದದ್ದು ಲಾರಿಯ ಮುಂದಿನ ಗಾಜು, ಕನ್ನಡಿಯಲ್ಲ, ಚಾಲಕ ಗಾಬರಿಯಲ್ಲಿ ತಪ್ಪು ತಿಳಿದಿದ್ದ ಎಂದು ಬರೆದು, ಅತ್ತೆಯ ಬಾಗಿಲ ಹೊರಗೆ ನಿಂತು ಓದಿದ. ಒಳಗಿನಿಂದ ಚಿಲಕ ಸರಿಯಿತು. ಗಾಜಿಲ್ಲದ ಲಾರಿ ಮಳೆಯಲ್ಲಿ ಹೋಗುವ ಆ ಭಾಗವೇ ಕಾದಂಬರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂತು ಎಂಬುದು ಬೇರೆ ಮಾತು.

ಅತ್ತೆಯ ಕಣ್ಣು ವಾಸಿಯಾಯಿತು. ಮಗನ ಮನೆಗೆ ಹೋಗುವ ದಿನ ಬಂತು. ಹೋಗುವಾಗ ಲಾರಿಯನ್ನು ಜೋಪಾನ ಮಾಡಿ ಎಂದು ಹೇಳಿ ಹೊರಟರು. ಮರುದಿನ ಬೆಳಗ್ಗೆ ಮಾಸ್ಟರ್ ಮೇಜಿಗೆ ಕೂತ. ಲಾರಿ ಒಂದು ಸೇತುವೆಯ ಮೇಲೆ ನಿಂತಿತ್ತು. ಅದು ದಾಟಿದರೇನು, ಬಿಟ್ಟರೇನು, ಸಂಜೆ ಕೇಳುವವರು ಯಾರೂ ಇಲ್ಲ ಅನ್ನಿಸಿತು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಸ್ಪಷ್ಟವಾಗಿ ಕೇಳಿಸಿತು.

ಒಂದೇ ವಾರದಲ್ಲಿ ಮನೆ ಥಳಥಳಿಸಿತು. ನಲ್ಲಿ ನಿಂತಿತು, ದೀಪ ಹತ್ತಿತು, ಜಾರಿನಿಂದ ಪೆನ್ನುಗಳು ಹೊರಬಿದ್ದವು. ಹೆಂಡತಿಗೆ ಖುಷಿಯಾಗಬೇಕಿತ್ತು. ಎರಡು ದಿನ ಆಯಿತು ಕೂಡ. ಮೂರನೆಯ ದಿನ ಅಂಗಡಿಯಲ್ಲಿ ಮಾತ್ರೆ ಕೊಡುತ್ತ ಕೊಡುತ್ತ, ಆ ಒಂಟಿ ಓಲೆಯವಳು ಏನಾದಳು ಎಂದು ಯೋಚಿಸುತ್ತ ನಿಂತುಬಿಟ್ಟಳು. ಸಂಜೆಗಳಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ತಗ್ಗಿಸಿ ತಗ್ಗಿಸಿ ಅಷ್ಟನ್ನೂ ಆಕೆ ಕೇಳಿಸಿಕೊಂಡಿದ್ದಳು. ಗಂಡನಿಗೆ ಹೇಳಿರಲಿಲ್ಲ, ಅಷ್ಟೆ.

ಮರುದಿನ ಬೆಳಗ್ಗೆ ಆತ ಅಟ್ಟದ ಏಣಿ ಹತ್ತಿ ಹಳೆಯ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ. ಆಕೆ ಕೆಳಗೆ ಬಂದು ಏಣಿ ಹಿಡಿದುಕೊಂಡಳು. ಜಾರದಿರಲಿ ಎಂದು ಹಿಡಿದಳೋ ಇಳಿಯದಿದ್ದರೆ ಅಲುಗಾಡಿಸೋಣ ಎಂದು ಹಿಡಿದಳೋ ಅವನಿಗೆ ತಿಳಿಯಲಿಲ್ಲ.

"ರೀ, ಲಾರಿ ಸೇತುವೆ ಮೇಲೆ ನಿಂತು ಎಷ್ಟು ದಿನ ಆಯ್ತು?"

"ಅತ್ತೆ ಬರಲಿ. ಆಮೇಲೆ ನೋಡೋಣ."

"ಅಮ್ಮ ಬರೋದು ಯಾವ ಕಾಲಕ್ಕೋ. ಇಳೀರಿ ಕೆಳಗೆ."

"ಬರ್ತಾ ಇಲ್ಲ ಕಣೇ. ಬಂದರೂ ಚೆನ್ನಾಗಿ ಬರಲ್ಲ."

"ಚೆನ್ನಾಗಿ ಬರೀರಿ ಅಂದವರು ಯಾರು? ಕಾರು ಕಲಿಯೋಕೆ ಬಂದವರು ಮೊದಲನೇ ದಿನ ಚೆನ್ನಾಗಿ ಓಡಿಸ್ತಾರಾ? ಅವರನ್ನ ಏಣಿ ಹತ್ತಿಸ್ತೀರಾ ನೀವು?"

ಮಾಸ್ಟರ್ ಇಳಿದ. ಇಳಿದವನು ನೇರ ಮೇಜಿಗೆ ಹೋಗಿ ಕೂತ, ಯಾಕೆಂದರೆ ಆತನ ಕಾಲು ನೆಲಕ್ಕೆ ತಾಗಿದ್ದೇ ತಡ ಆಕೆ ಏಣಿಯನ್ನು ಹಿಂಬದಿಯ ಮನೆಯವರಿಗೆ ಕೊಟ್ಟುಬಿಟ್ಟಳು. ಅಂದು ಬರೆದದ್ದು ನಿಜಕ್ಕೂ ಚೆನ್ನಾಗಿರಲಿಲ್ಲ. ಲಾರಿ ಸೇತುವೆಯ ಮೇಲೆ ಸುಮ್ಮನೆ ಹೊಗೆ ಬಿಟ್ಟಿತು. ಮರುದಿನವೂ ಹಾಗೇ. ಸಂಜೆ ಓದಿ ಹೇಳಲೇ ಎಂದು ಕೇಳಿದರೆ ಹೆಂಡತಿ ಬೇಡವೆಂದಳು. ಅಮ್ಮನ ಹಾಗೆ ದಿನಾ ಕೂತು ಕೇಳೋಕೆ ನನಗೆ ಪುರುಸೊತ್ತಿಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ ಓದ್ತೀನಿ ಎಂದಳು. ಹಾಗಾಗಿ ಕೇಳುವ ಕಿವಿಯಿಲ್ಲದೆ ಬರೆಯುವುದನ್ನು ಆತ ಆಗ ಕಲಿಯಬೇಕಾಯಿತು. ಕೆಲವು ದಿನ ಅರ್ಧ ಪುಟ, ಕೆಲವು ದಿನ ಎರಡೇ ಸಾಲು, ಒಂದು ದಿನ ಬರೆದದ್ದನ್ನು ಹೊಡೆದು ಹಾಕಿದ್ದೇ ಕೆಲಸ. ಆದರೂ ಎದ್ದ ತಕ್ಷಣ ಮುಖ ತೊಳೆಯುವ ಹಾಗೆ ಮೇಜಿಗೆ ಹೋಗಿ ಕೂರುವುದು ನಡೆಯಿತು. ಯಾವ ಬೆಳಗ್ಗೆ ಎಂದು ಅವನಿಗೂ ಗೊತ್ತಾಗಲಿಲ್ಲ, ಬರೆಯುತ್ತ ಬರೆಯುತ್ತ ನೋಡಿದರೆ ಲಾರಿ ಸೇತುವೆ ದಾಟಿ ಎರಡು ಊರು ಮುಂದೆ ಹೋಗಿತ್ತು.

ಕಾದಂಬರಿ ಮುಗಿಯಿತು. ಮಾಸ್ಟರ ಕೈಬರಹ ಕೋಳಿ ಕೆದರಿದ ಹಾಗೆ. ಟೈಪ್ ಮಾಡುವ ಅಂಗಡಿಯವನು ಒಂದು ಪುಟ ನೋಡಿ, ಇದು ಯಾವ ಭಾಷೆ ಎಂದು ಕೇಳಿ ವಾಪಸ್ ಕೊಟ್ಟ. ಡಾಕ್ಟರುಗಳ ಚೀಟಿ ಓದಿ ಪಳಗಿದ ಹೆಂಡತಿಗೆ ಮಾತ್ರ ಅದು ನೀರು ಕುಡಿದಷ್ಟು ಸುಲಭ. ಆಕೆಯೇ ಕೂತು ಟೈಪ್ ಮಾಡಿದಳು. ಮಾಡುವಾಗ ಎರಡು ಸಲ ಕಣ್ಣೊರೆಸಿಕೊಂಡಳು, ಈರುಳ್ಳಿ ಎಂದಳು. ಕೋಣೆಯಲ್ಲಿ ಈರುಳ್ಳಿ ಇರಲಿಲ್ಲ.

ಕಟ್ಟು ಒಬ್ಬ ಪ್ರಕಾಶಕರಿಗೆ ಹೋಯಿತು. ಬಹಳ ದಿನ ಕಳೆದ ಮೇಲೆ ಅವರಿಂದ ಉತ್ತರ ಬಂತು. ಕಥೆ ಪರವಾಗಿಲ್ಲ, ಆದರೆ ಒಂದು ಕೊಲೆಯಾದರೂ ಇದ್ದರೆ ಓದುಗರು ಹಿಡಿಯುತ್ತಾರೆ ಎಂದಿತ್ತು. ಮಾಸ್ಟರ್ ಅದನ್ನು ಮಡಿಸಿಟ್ಟು ಸುಮ್ಮನಾದ. ಅಷ್ಟರಲ್ಲಿ ಮಗಳ ಮನೆಗೆ ಮತ್ತೆ ಬಂದು ಕಾದಂಬರಿಯನ್ನು ಕೊನೆಯವರೆಗೂ ಓದಿದ್ದ ಅತ್ತೆ ಸುಮ್ಮನಾಗಲಿಲ್ಲ. ಪ್ರಕಾಶಕರ ಪತ್ರದ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರು. ಟಾಕೀಸಿನ ಕಿಟಕಿಯಲ್ಲಿ ನೂಕುನುಗ್ಗಲನ್ನು ಹದ್ದುಬಸ್ತಿನಲ್ಲಿಟ್ಟ ಗಂಟಲು ಅದು. ಸೇತುವೆ ಆದ ಮೇಲೆ ಲಾರಿ ಮೊದಲು ಎಲ್ಲಿ ನಿಂತಿತು ಎಂದು ಕೇಳಿದರು. ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಓಲೆಯ ಹೆಂಗಸು ಕೊನೆಗೆ ಏನು ಮಾಡಿದಳು ಎಂದು ಕೇಳಿದರು. ಆ ಕಡೆ ಗಡಿಬಿಡಿಯಲ್ಲಿ ಹಾಳೆ ಮಗುಚುವ ಸದ್ದು.

"ಪೂರ್ತಿ ಓದಿಲ್ಲ ತಾನೇ ನೀವು? ಓದಿ. ಓದಿ ಆಮೇಲೆ ಕೊಲೆ ಬೇಕಾ ಬೇಡವಾ ಅಂತ ಹೇಳಿ" ಎಂದು ಫೋನ್ ಇಟ್ಟರು.

ಮಾಸ್ಟರಿಗೆ ಮಾನ ಹೋದಂತಾಯಿತು. ಇನ್ನು ಆ ಪ್ರಕಾಶಕರ ಬೀದಿಯಲ್ಲೂ ತಲೆಯೆತ್ತಿ ಓಡಾಡುವಂತಿಲ್ಲ ಎಂದು ಗೊಣಗಿದ. ಆದರೆ ಕೆಲವು ವಾರಗಳ ಮೇಲೆ ಒಂದು ಬೆಳಗ್ಗೆ ಮನೆಯ ಫೋನ್ ರಿಂಗಾಯಿತು. ಹೆಂಡತಿ ಎತ್ತಿದಳು. ಪ್ರಕಾಶಕರೇ. ಪೂರ್ತಿ ಓದಿದೆ, ಲೇಖಕರ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು, ಕೊಡ್ತೀರಾ ಎಂದರು.

ಆಕೆ ಕೋಣೆಯ ಕಡೆ ಇಣುಕಿದಳು. ಮಾಸ್ಟರ್ ಮೇಜಿನ ಮೇಲೆ ಬಗ್ಗಿಕೊಂಡಿದ್ದ. ಹೊಸ ಕಥೆ. ಊರಿನ ಒಂದೇ ಒಂದು ಲಿಫ್ಟನ್ನು ನೋಡಿಕೊಳ್ಳುವ, ಎತ್ತರ ಕಂಡರೆ ತಲೆ ತಿರುಗುವ ಮುದುಕನದ್ದು. ಪೆನ್ನು ಓಡುತ್ತಿತ್ತು.

"ಅವರು ಬರೀತಾ ಇದ್ದಾರೆ. ಈಗ ಕರೆಯೋಕಾಗಲ್ಲ" ಎಂದಳು ಆಕೆ. "ಒಂದರ್ಧ ಗಂಟೆ ಬಿಟ್ಟು ಮಾಡಿ."

ಪ್ರಕಾಶಕರು ಮಾಡಿದರು.